ಮೇಷ್ಟ್ರ ಬೂಟು ಕತ್ತರಿಸಿದವರು

ಬೂಟುಗಳು ಬಾಗಿಲ ಬಳಿಯೇ ಇದ್ದವು. ಆದರೆ ಹಾಕಿಕೊಳ್ಳುವ ಹಾಗಿರಲಿಲ್ಲ. ಎರಡನ್ನೂ ಯಾರೋ ಮುಂದಿನ ತುದಿಯಿಂದ ಹಿಮ್ಮಡಿಯವರೆಗೆ ಕತ್ತರಿಸಿ ಹಾಕಿದ್ದರು.

ಕಾಲುಚೀಲ ತೊಟ್ಟ ಮೇಷ್ಟ್ರು, ರಾತ್ರಿ ತಂಗಿದ್ದ ಛತ್ರದ ಕೋಣೆಯಲ್ಲಿ, ಮಂಚದ ಅಂಚಿನಲ್ಲಿ ಕೂತು ಅವನ್ನೇ ನೋಡುತ್ತಿದ್ದರು. ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಮಗ ತೀರಿಕೊಂಡ ಆಸ್ಪತ್ರೆಯಲ್ಲಿ ಮಕ್ಕಳಿಗೊಂದು ವಾರ್ಡು ಕಟ್ಟಿಸಬೇಕೆಂದು ಊರಿಂದೂರಿಗೆ ನಡೆದು ಹಣ ಕೂಡಿಸುತ್ತಿದ್ದರು. ಮಗನ ಬೂಟಿನಲ್ಲೇ ನಡೆಯುವೆನೆಂದು ದೇವರ ಮುಂದೆ ಮಾತು ಕೊಟ್ಟಿದ್ದರು. ಇವತ್ತೊಂದು ದಿನ ನಡೆದಿದ್ದರೆ ಆ ಆಸ್ಪತ್ರೆಯ ಬಾಗಿಲು ಮುಟ್ಟಿ ನಡಿಗೆ ಮುಗಿಯುತ್ತಿತ್ತು.

"ಬೇರೆ ಬೂಟು ತರಿಸ್ಲಾ, ಮೇಷ್ಟ್ರೆ?" ಎಂದಳು ಇನ್ಸ್‌ಪೆಕ್ಟರ್. ಅವಳು ಅವರ ಹಳೆಯ ಶಿಷ್ಯೆ.

"ಬೇಡಮ್ಮ. ಅವನದ್ದೇ ಆಗ್ಬೇಕು."

"ಯಾರ ಮೇಲಾದ್ರೂ ಅನುಮಾನ?"

"ಈ ಮುದುಕನ ಮೇಲೆ ಹಗೆ ಸಾಧಿಸೋಷ್ಟು ಪುರುಸೊತ್ತು ಯಾರಿಗಿದೆ?"

ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅವರ ಹೆಂಡತಿ ತಲೆ ಎತ್ತಲಿಲ್ಲ. ಪಕ್ಕದ ಅವರ ಚೀಲದಿಂದ ಔಷಧಿ ಡಬ್ಬಿ ಇಣುಕುತ್ತಿತ್ತು. ಮೇಷ್ಟ್ರ ದಿಂಬಿನ ಪಕ್ಕ ಸಕ್ಕರೆ ಕಾಯಿಲೆಯ ಮಾತ್ರೆಗಳಿದ್ದವು.

ಇನ್ಸ್‌ಪೆಕ್ಟರ್ ಬೂಟನ್ನು ಬೆಳಕಿಗೆ ಹಿಡಿದಳು. ಕತ್ತರಿಸಿದ ಅಂಚು ಇಲಿ ಕಡಿದಂತೆ ಹಲ್ಲು ಹಲ್ಲಾಗಿತ್ತು. ಒಳಗೆ ಕೈ ಹಾಕಿದಳು. ಪಾದದಡಿಯ ಮೆತ್ತನೆಯ ಒಳಅಟ್ಟೆ ಇರಲಿಲ್ಲ. ಇನ್ನೊಂದರಲ್ಲೂ ಇರಲಿಲ್ಲ.

ನಿನ್ನೆ ಸಂಜೆ ಮೇಷ್ಟ್ರು ಊರೊಳಗೆ ಬರುವಾಗ ಅವರ ಎಡಗಾಲು ಓರೆಯಾಗಿ ಬೀಳುತ್ತಿದ್ದುದನ್ನು ಅವಳು ಕಂಡಿದ್ದಳು. ಕಂಡೂ ಎಲ್ಲರೊಡನೆ ಚಪ್ಪಾಳೆ ತಟ್ಟಿದ್ದಳು. ಈಗ ಅದು ನೆನಪಾಗಿ ಮುಖ ಸಪ್ಪಗಾಯಿತು.

* * *

ನಡಿಗೆ ಮುಗಿದರೆ ಜನ ಕೊಟ್ಟಷ್ಟನ್ನೇ ತಾನೊಬ್ಬನೇ ಕೊಡುವೆನೆಂದು ಜವಳಿ ಅಂಗಡಿಯವನು ಹೋದ ತಿಂಗಳ ಸಭೆಯಲ್ಲಿ ಹೇಳಿಬಿಟ್ಟಿದ್ದ. ನಿನ್ನೆ ಸಂಜೆ ಹಣ್ಣು ಹಿಡಿದುಕೊಂಡು ಮೇಷ್ಟ್ರ ಕೋಣೆಗೂ ಬಂದು ಹೋಗಿದ್ದ.

"ಗಲ್ಲಾಪೆಟ್ಟಿಗೆ ಖಾಲಿಯಾಗುತ್ತೆ ಅಂತ ಬೂಟಿಗೆ ಕತ್ತರಿ ಹಾಕಿದ್ರಾ, ಸಾಹುಕಾರ್ರೆ?" ಎಂದು ಇನ್ಸ್‌ಪೆಕ್ಟರ್ ಅವನ ಅಂಗಡಿಗೇ ಹೋಗಿ ಕೇಳಿದಳು.

"ಅವತ್ತಿಂದ ನಿದ್ದೆ ಇಲ್ಲ ಮೇಡಂ, ಸುಳ್ಳು ಯಾಕೆ ಹೇಳ್ಲಿ. ಮನೆಯವಳು ಮಾತು ಬಿಟ್ಟಿದ್ದಾಳೆ. ಆದ್ರೆ ಸತ್ತ ಹುಡುಗನ ಬೂಟು ಮುಟ್ಟೋ ಎದೆಗಾರಿಕೆ ನನಗಿಲ್ಲ."

ಅವಳು ಅವನ ಕತ್ತರಿಗಳನ್ನೆಲ್ಲ ನೋಡಿದಳು. ಎಲ್ಲವೂ ಮೊಳಕೈಯುದ್ದದವು. ಒಮ್ಮೆ ಬಾಯಿ ಮುಚ್ಚಿದರೆ ಗೇಣುದ್ದ ಸೀಳುವಂಥವು. ಬೂಟನ್ನು ಕತ್ತರಿಸಿದ್ದು ಚಿಕ್ಕ ಕತ್ತರಿ, ಬಲವಿಲ್ಲದ ಕೈ.

* * *

ಅವಳು ಹಿಂದಿರುಗಿದಾಗ ಛತ್ರದ ಅಂಗಳದ ಹಗ್ಗದ ಮೇಲೆ ಮೇಷ್ಟ್ರ ಇನ್ನೊಂದು ಜೊತೆ ಕಾಲುಚೀಲ ಒಣಗುತ್ತಿತ್ತು. ಎಡಗಾಲಿನದರ ಅಡಿಯಲ್ಲಿ, ಎಷ್ಟು ಉಜ್ಜಿದರೂ ಹೋಗದ ಕಂದು ಕಲೆ. ಇನ್ಸ್‌ಪೆಕ್ಟರ್ ಅದರ ಮುಂದೆ ತುಸು ಹೊತ್ತು ನಿಂತಳು. ಆಮೇಲೆ ಒಳಗೆ ಹೋಗಿ ಮೇಷ್ಟ್ರ ಹೆಂಡತಿಯ ಪಕ್ಕ ನೆಲದ ಮೇಲೆ ಕುಳಿತಳು.

"ಅಟ್ಟೆಗಳನ್ನ ಎಲ್ಲಿಟ್ಟಿದ್ದೀರಮ್ಮ?"

ಬಟ್ಟೆ ಮಡಿಸುತ್ತಿದ್ದ ಕೈ ನಿಂತಿತು.

"ಅವಳನ್ನ ಯಾಕೆ ಕೇಳ್ತೀಯ?" ಎಂದರು ಮೇಷ್ಟ್ರು.

"ಹಗೆಯವರು ಹಾಳು ಮಾಡೋ ಮುಂಚೆ ಒಳಅಟ್ಟೆ ತೆಗೆದು ಜೋಪಾನ ಮಾಡಲ್ಲ, ಮೇಷ್ಟ್ರೆ. ಕತ್ತರಿಸಿದ್ದು ಬ್ಯಾಂಡೇಜು ಕತ್ತರಿಸೋ ಚಿಕ್ಕ ಕತ್ತರಿ. ಔಷಧಿ ಡಬ್ಬಿ ಇರೋದು ಅಮ್ಮನ ಚೀಲದಲ್ಲಿ. ನಿಮ್ಮ ಕಾಲುಚೀಲ ತೊಳೆಯೋರೂ ಅವರೇ. ಅದರಲ್ಲಿ ರಕ್ತ ಇದೆ."

"ರಕ್ತ? ನನಗೆ ನೋವೇ ಇಲ್ಲವಲ್ಲ."

"ಸಕ್ಕರೆ ಕಾಯಿಲೆಯವರ ಕಾಲು ನೋವು ಹೇಳಲ್ಲ. ಒಳಗೇ ಕೊಳೆಯುತ್ತೆ."

ಹೆಂಡತಿ ಚೀಲದಿಂದ ಒಂದು ಬಿಳಿ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಅಟ್ಟೆಗಳ ಮೇಲೆ ಮಗನ ಬೆರಳುಗಳ ಅಚ್ಚು ಕುಳಿಯಾಗಿ ಕೂತಿತ್ತು.

"ಇದಕ್ಕೆ ಕತ್ತರಿ ಹಾಕೋಕೆ ಕೈ ಬರ್ಲಿಲ್ಲ," ಎಂದರು. "ದಿನಾ ಗೋಗರೆದೆ, ಕಾಲು ತೋರ್ಸಿ ಅಂತ. ನೋವಿಲ್ಲ ಬಿಡೇ ಅಂದ್ರಿ. ಮಗನೂ ಅವತ್ತು ರಾತ್ರಿ ಹೊಟ್ಟೆ ಹಿಡ್ಕೊಂಡು ಕೂತು ನೋವಿಲ್ಲಮ್ಮ ಅಂದಿದ್ದ. ನಾನು ನಂಬಿ ಮಲಗಿದೆ. ಬೆಳಗಾಗೋಷ್ಟರಲ್ಲಿ ಕೈ ಮೀರಿತ್ತು. ದೇವರು ಕ್ಷಮಿಸಿರಬಹುದು. ನಾನಿನ್ನೂ ನನ್ನನ್ನ ಕ್ಷಮಿಸಿಲ್ಲ."

ಮೇಷ್ಟ್ರು ಒಂದು ಅಟ್ಟೆಯನ್ನು ಎತ್ತಿಕೊಂಡು ಬೆರಳಚ್ಚಿನ ಕುಳಿಗಳ ಮೇಲೆ ಹೆಬ್ಬೆರಳು ಆಡಿಸಿದರು.

"ನೋವು ಹೇಳ್ಕೋಬಾರ್ದು ಅಂತ ಅವನಿಗೆ ಕಲಿಸಿದ್ದು ನಾನೇ ಕಣೇ," ಎಂದರು. "ಆದ್ರೆ ಆ ಮಕ್ಕಳ ವಾರ್ಡು ಅರ್ಧಕ್ಕೆ ನಿಲ್ಲುತ್ತಲ್ಲ."

"ನಿಲ್ಲಲಿ. ಆ ಪಾಪವೂ ನನಗೇ ಇರಲಿ."

ಇನ್ಸ್‌ಪೆಕ್ಟರ್ ಡಾಕ್ಟರನ್ನು ಕರೆತರಲು ಎದ್ದಳು. ದೂರು ಬರೆದುಕೊಳ್ಳಲಿಲ್ಲ.

ಮೇಷ್ಟ್ರು ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ, ಬೇರೆ ಯಾರದೋ ವಸ್ತುವನ್ನು ಒಪ್ಪಿಸುವಂತೆ, ಹೆಂಡತಿಯ ಮಡಿಲಲ್ಲಿಟ್ಟರು.

"ನನಗೆ ಗೊತ್ತಾಗಲ್ಲ," ಎಂದರು. "ಎಷ್ಟು ಹಾಳಾಗಿದೆ, ನೀನೇ ನೋಡಿ ಹೇಳು."