ಊಟ ಮಾಡದೆ ಎದ್ದುಹೋದವನು

"ರೀ, ಕಾಲಿಡಬೇಡಿ! ಅದು ಕಲ್ಲಲ್ಲ, ಜೀವ ಇರೋ ಹವಳ!"

ಸೊಂಟದುದ್ದ ನೀರಿನಲ್ಲಿ ನಿಂತಿದ್ದ ಬಿಂದುಶ್ರೀ ಬೆಚ್ಚಿಬಿದ್ದಳು. ಲಕ್ಷದ್ವೀಪದ ನೀರಲ್ಲಿ ಅಪ್ಪಟ ನಂಜನಗೂಡಿನ ಕನ್ನಡ! ಮೊಣಕೈ ಹಿಡಿದು ಪಕ್ಕಕ್ಕೆ ಎಳೆದ ಗೈಡ್, ಮುಖದ ಮಾಸ್ಕ್ ತೆಗೆದ.

ಮಹೇಂದ್ರ!

ಇವನು ಕೆಲಸ ಮಾಡುವ ದ್ವೀಪದಲ್ಲಿ ನಿಲ್ಲುತ್ತದೆಂದೇ ಈ ಹಡಗಿಗೆ ಟಿಕೆಟ್ ಮಾಡಿಸಿದ್ದಳು. ಕೇಳಬೇಕೆಂದು ಬಾಯಿಪಾಠ ಮಾಡಿಕೊಂಡದ್ದೆಲ್ಲ ಈಗ ಮರೆತೇಹೋಯಿತು, ಪಾಪ!

ಕಳೆದ ವರ್ಷ ಟಿ. ನರಸೀಪುರದ ಅವಳ ಮನೆಗೆ ಹೆಣ್ಣು ನೋಡಲು ಬಂದವನು ಇವನೇ. ಆಮೆ, ಮೀನು ಅಂತ ಮಾತಾಡಿ ಮಾತಾಡಿ ಅವಳ ಮನಸ್ಸು ಕದ್ದಿದ್ದ. ಅಮ್ಮ ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಸೋದರಮಾವನ ಜೊತೆ ಎದ್ದು ಹೊರಟೇಬಿಟ್ಟ! ನಮ್ಮ ಕಡೆ ಗೊತ್ತಲ್ಲ... ಹುಡುಗಿ ಒಪ್ಪಿಗೆಯಾದರೆ ಊಟಕ್ಕೆ ಕೂರುತ್ತಾರೆ, ಇಲ್ಲದಿದ್ದರೆ ಕಾಫಿ ಕುಡಿದು ಜಾಗ ಖಾಲಿ.

'ನನ್ನಲ್ಲಿ ಏನು ಕೊರತೆ ಕಂಡ?' ಅಂದಿನಿಂದ ಅದೊಂದೇ ಪ್ರಶ್ನೆ.

"ಯಜಮಾನ್ರು ಬಂದಿಲ್ವಾ?" ಮಹೇಂದ್ರ ಎಲ್ಲೋ ನೋಡುತ್ತಾ ಕೇಳಿದ.

"ಯಾವ ಯಜಮಾನ್ರು?"

"ನಿಮ್ಮವ್ರು... ನಮ್ಮ ಮಾವ ಫೋನ್ ಮಾಡಿದಾಗ, ಬೇರೆ ಕಡೆ ಮದ್ವೆ ಗೊತ್ತಾಗಿದೆ ಅಂದ್ರಲ್ಲ ನಿಮ್ಮಪ್ಪ?"

"ಅಪ್ಪ ಸಿಟ್ಟಿಗೆ ಅಂದಿದ್ದು! ಊಟ ಬಿಟ್ಟು ಎದ್ದು ಹೋದೋರು ನೀವು ತಾನೇ?"

ಅವನು ತಲೆ ಚಚ್ಚಿಕೊಂಡ.

"ಅಯ್ಯೋ ಶಿವನೇ! ಅವತ್ತು ಸೋಮವಾರ ಕಣ್ರೀ! ನಂಜುಂಡಪ್ಪನ ಒಕ್ಕಲು ನಾವು, ಸೋಮವಾರ ಬಾಡು ಮುಟ್ಟಲ್ಲ. ನಿಮ್ಮನೇಲಿ ನೋಡಿದ್ರೆ ಘಮ್ಮಂತ ನಾಟಿ ಕೋಳಿ ಸಾರು! ಅಷ್ಟು ಆಸೆಯಿಂದ ಮಾಡವ್ರೆ, ಬೇಡ ಅಂದ್ರೆ ನೊಂದ್ಕೋತಾರೆ ಅಂತ ಮಾವ, ಅರ್ಜೆಂಟ್ ಕೆಲ್ಸ ಅಂದ್ಬಿಟ್ರು."

ಬಿಂದುಶ್ರೀಯ ಮನೆಯವರು ಗುಂಜಾ ನರಸಿಂಹಸ್ವಾಮಿಯ ಒಕ್ಕಲು. ಅವರಿಗೆ ಬಾಡು ಬಿಡುವ ವಾರವೆಂದರೆ ಶನಿವಾರ. ಸೋಮವಾರದ ನೆನಪು ಯಾರಿಗಿತ್ತು!

"ಹಂಗಾದ್ರೆ... ನಾನು ಇಷ್ಟ ಆಗ್ಲಿಲ್ಲ ಅಂತಲ್ವಾ?"

"ಇಷ್ಟ ಆಗ್ದೆ ಏನು? ಅವತ್ತಿಂದ ಮನೇಲಿ ಬೇರೆ ಹುಡುಗಿ ಫೋಟೋ ತೋರ್ಸೋದೇ ಬಿಟ್ಬಿಟ್ಟವ್ರೆ. ತೋರ್ಸಿದ್ರೂ ನಾನು ನೋಡಲ್ಲ."

ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿಯಿತು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಇಬ್ಬರ ನಡುವಿನಿಂದ ಆಮೆಯೊಂದು ತನ್ನ ಪಾಡಿಗೆ ಈಜಿಕೊಂಡು ಹೋಯಿತು. ನೋಡುವವರು ಯಾರು!

"ಬಿಂದೂ, ಬಾರೇ! ದೋಣಿ ಹೊರಡುತ್ತೆ!" ಅಕ್ಕ ಇಂದ್ರಾಣಿ ಕೂಗಿದಳು.

"ಬಂದೆ ಕಣಕ್ಕಾ!" ಎಂದವಳು ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು. "ನಾನು ಮೀನು ನೋಡೋಕೆ ಬಂದೋಳಲ್ಲ. ನಿಮ್ಮನ್ನ ಕೇಳೋಕೇ ಬಂದಿದ್ದು... ನನ್ನ ಮದುವೆ ಆಗ್ತೀರಾ?"

"ಅದನ್ನ ನಾನು ಕೇಳ್ಬೇಕಿತ್ತು ಕಣ್ರೀ..!"

"ನೀವು ಕೇಳೋ ಹೊತ್ತಿಗೆ ಹಡಗು ಕೊಚ್ಚಿ ಸೇರಿರುತ್ತೆ. ಆಗ್ತೀರೋ, ಇಲ್ವೋ?"

"ಆಗ್ತೀನಿ ಬಿಂದು... ಆಗ್ತೀನಿ!"

"ಹಂಗಾದ್ರೆ ಕೈ ಕೊಡಿ. ದೋಣಿವರೆಗೂ ಹವಳ ತುಳೀದಂಗೆ ಕರ್ಕೊಂಡು ಹೋಗಿ."