ಅಮ್ಮನ ಎಲೆಗೆ ಅಂಬಟೆ ಗೊಜ್ಜು

“ಅಚ್ಚು, ಬೆರಳು ನೆಕ್ಕಬೇಡ. ಇವತ್ತು ಬಡಿಸುವ ಮೊದಲು ಯಾರೂ ರುಚಿ ನೋಡ್ಲಿಕ್ಕಿಲ್ಲ.”

ನೀಲಾವತಿ ಒಲೆಯ ಮುಂದಿನಿಂದಲೇ ಹೇಳಿದಳು. ಬೆಲ್ಲದ ಡಬ್ಬಿಯೊಳಗೆ ಹೋಗಿದ್ದ ಅಚ್ಚುತನ ಕೈ ಹೊರಗೆ ಬಂತು.

“ನೆಕ್ಕಿದರೆ ಎಂತ ಆಗ್ತದೆ ಅಕ್ಕ?”

“ತೀರಿಹೋದವರಿಗೆ ಮೊದಲು ಬಡಿಸುದು. ನಮಗೆ ಮತ್ತೆ.”

ಅಚ್ಚುತ ಬೆರಳನ್ನು ಚಡ್ಡಿಗೆ ಒರೆಸಿಕೊಂಡ.

ದೀಪಾವಳಿ ಬಂದಿತ್ತು. ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ದಿನ. ಪ್ರತಿ ವರ್ಷ ಅಜ್ಜನಿಗೆ ಒಂದು ಎಲೆ, ಅಜ್ಜಿಗೆ ಒಂದು ಎಲೆ. ಈ ವರ್ಷ ಅಮ್ಮನಿಗೂ ಒಂದು ಹಾಕಬೇಕಿತ್ತು. ಮಳೆಗಾಲದಲ್ಲಿ ಅಮ್ಮನಿಗೆ ಜ್ವರ ಬಂದಿತ್ತು. ಆಗ ಹೊಳೆ ತುಂಬಿ ಹರಿಯುತ್ತಿತ್ತು. ಸುಳ್ಯದಿಂದ ಡಾಕ್ಟ್ರು ಮಂಡೆಕೋಲಿನ ಅವರ ಮನೆಗೆ ಬಂದು ಮುಟ್ಟುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು.

ಅಂದಿನಿಂದ ಅಡುಗೆಯೆಲ್ಲ ನೀಲಾವತಿಯದು. ಅವಳಿಗೆ ಹದಿನಾಲ್ಕು ವರ್ಷ. ಶಾಲೆ ಬಿಟ್ಟು ಮನೆಯಲ್ಲಿದ್ದಳು. ಐದನೇ ಕ್ಲಾಸಿನ ತಂಗಿ ಶೀಲಾವತಿ ಮತ್ತು ಒಂದನೇ ಕ್ಲಾಸಿನ ಅಚ್ಚುತ ಶಾಲೆಗೆ ಹೋಗುತ್ತಿದ್ದರು. ಅಕ್ಕ ಈಗೀಗ ಬರೀ ಜೋರು ಮಾಡುತ್ತಾಳೆ ಎಂದು ಶೀಲಾವತಿಗೆ ಸಿಟ್ಟು.

ಬೆಳಿಗ್ಗೆ ಅಪ್ಪ ಬೆಳ್ಯಪ್ಪ ಕೋಳಿ ಸಾರಿಗೆ ಎಲ್ಲ ಸರಿಮಾಡಿ ಕೊಟ್ಟಿದ್ದರು. ಬಾಳೆ ಎಲೆ ಕಡಿಯಲು ಹೊರಡುವಾಗ, “ಅಮ್ಮನಿಗೆ ಇಷ್ಟ ಇದ್ದದ್ದು ಒಂದು ಮಾಡಿ ಮಕ್ಕಳೇ” ಎಂದರು.

“ಕೊಟ್ಟಿಗೆ ಮಾಡುವ,” ಎಂದಳು ನೀಲಾವತಿ. “ಅಕ್ಕಿಹಿಟ್ಟು ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಕೊಟ್ಟಿಗೆ.”

“ಅದು ನಿನಗೆ ಇಷ್ಟ,” ಎಂದಳು ಶೀಲಾವತಿ. “ಅಮ್ಮನಿಗೆ ಹಲಸಿನ ಬೀಜದ ಪಲ್ಯ ಇಷ್ಟ.”

“ಅದು ನಿನಗೆ.”

“ಬತ್ತಾಸು,” ಎಂದ ಅಚ್ಚುತ. ಇನ್ನು ನಾವು ಮದ್ರಾಸಿನವರಲ್ಲ, ಮೈಸೂರು ರಾಜ್ಯದವರು ಎಂದು ಹೇಳಿ ಮೊನ್ನೆ ಮೇಷ್ಟ್ರು ಶಾಲೆಯಲ್ಲಿ ಎಲ್ಲರಿಗೂ ಬತ್ತಾಸು ಹಂಚಿದ್ದರು. ಅದರ ರುಚಿ ಅವನ ಬಾಯಿಂದ ಇನ್ನೂ ಹೋಗಿರಲಿಲ್ಲ.

ಯಾರೂ ನಗಲಿಲ್ಲ. ಅಮ್ಮ ಬಡಿಸಿದ್ದು ಶೀಲಾವತಿಗೆ ನೆನಪಿತ್ತು. ಅಚ್ಚುವಿನ ಬಾಯಿಗೆ ತುತ್ತು ಕೊಟ್ಟದ್ದು ನೆನಪಿತ್ತು. ಆದರೆ ಅಮ್ಮ ಬೇಕು ಎಂದು ಹೇಳಿ ತಿಂದದ್ದು? ಎಷ್ಟು ಯೋಚಿಸಿದರೂ ಒಂದೂ ಸಿಗಲಿಲ್ಲ.

ಅಪ್ಪ ಎಲೆ ಹಿಡಿದು ಬಂದಾಗ ಅವಳು ಕೇಳಿದಳು. “ಅಪ್ಪ, ಅಮ್ಮನಿಗೆ ಎಂತ ಇಷ್ಟ ಇತ್ತು?”

ಅಪ್ಪ ಎಲೆಗಳನ್ನು ಜಗಲಿಯಲ್ಲಿ ಇಟ್ಟರು. “ಅವಳು… ಎಲ್ಲವನ್ನೂ ತಿನ್ನುತ್ತಿದ್ದಳು,” ಎಂದು ಹೇಳಿ ಬಾವಿಯ ಕಡೆಗೆ ಹೋದರು.

ಶೀಲಾವತಿ ಒಲೆಯ ಹತ್ತಿರ ಬಂದಳು. “ಅಕ್ಕ, ಅಪ್ಪನಿಗೂ ಗೊತ್ತಿಲ್ಲ.”

ನೀಲಾವತಿ ಊದುಕೊಳವೆ ಕೆಳಗಿಟ್ಟಳು. “ನೀನು ಪೂವಮ್ಮತ್ತೆಯ ಹತ್ತಿರ ಕೇಳಿ ಬಾ. ಅಮ್ಮ ಅವರೊಟ್ಟಿಗೇ ಗದ್ದೆಗೆ ಹೋಗುತ್ತಿದ್ದದ್ದು.”

ಶೀಲಾವತಿ ತೋಡಿನ ನೀರು ದಾಟಿ ಓಡಿದಳು. ಪೂವಮ್ಮತ್ತೆ ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದರು. ಶೀಲಾವತಿಯ ಪ್ರಶ್ನೆ ಕೇಳಿ ಅವರ ಕೈ ನಿಂತಿತು.

“ಅಂಬಟೆ ಗೊಜ್ಜು,” ಎಂದರು. “ಅಂಬಟೆಕಾಯಿ ಕೆಂಡದಲ್ಲಿ ಸುಟ್ಟು, ಗಾಂಧಾರಿ ಮೆಣಸು ಹಾಕಿ ಹಿಸುಕುದು. ಗದ್ದೆಯಲ್ಲಿ ನೇಜಿ ನೆಡುವಾಗ ನಾನು ತಂದರೆ ನನ್ನ ಬುತ್ತಿಯನ್ನೇ ಖಾಲಿ ಮಾಡುತ್ತಿದ್ದಳು.”

“ನಮ್ಮ ಮನೆಯಲ್ಲಿ ಒಮ್ಮೆಯೂ ಮಾಡ್ಲಿಲ್ಲ ಅಲ್ವಾ?”

“ಮೊದಲು ಮಾಡುತ್ತಿದ್ದಳು. ನೀಲು ಸಣ್ಣದಿರುವಾಗ ಅದಕ್ಕೆ ಬೆರಳು ಅದ್ದಿ ನೆಕ್ಕಿ, ಆಚೆ ಗುಡ್ಡೆಗೆ ಕೇಳುವ ಹಾಗೆ ಕೂಗಿದ್ದಾಳೆ. ಮತ್ತೆ ನೀನು ಹುಟ್ಟಿದೆ. ಮತ್ತೆ ಅಚ್ಚು. ಮಕ್ಕಳು ದೊಡ್ಡ ಆಗಲಿ ಪೂವಕ್ಕ, ಆಗ ಮಾಡಿದರಾಯ್ತು ಎನ್ನುತ್ತಿದ್ದಳು.”

ಪೂವಮ್ಮತ್ತೆ ತಮ್ಮ ಮರದಿಂದಲೇ ಕಾಯಿ ಬೀಳಿಸಿ ಅವಳ ಲಂಗದ ಮಡಿಲಿಗೆ ಹಾಕಿದರು. ಅಂಗಳದ ಬದಿಯ ಗಿಡದಿಂದ ಒಂದು ಮುಷ್ಟಿ ಮೆಣಸನ್ನೂ ಕೊಯ್ದು ಕೊಟ್ಟರು.

ಅಂಬಟೆಗಳನ್ನು ಕೆಂಡದಲ್ಲಿ ಹೂತು ಕಾಯುವ ಕೆಲಸ ಅಚ್ಚುತನಿಗೆ ಸಿಕ್ಕಿತು. ಒಂದೊಂದು ಸಿಡಿದಾಗಲೂ ಅವನು “ಅಕ್ಕ, ಆಯ್ತು” ಎನ್ನುತ್ತಿದ್ದ. ಶೀಲಾವತಿ ಬೂದಿ ಊದಿ ಸಿಪ್ಪೆ ಸುಲಿದಳು. ನೀಲಾವತಿ ಮೆಣಸು ಲೆಕ್ಕ ಮಾಡಿ ಮೂರನ್ನು ಮಾತ್ರ ತೆಗೆದುಕೊಂಡಳು.

“ಇಷ್ಟೇ ಸಾಕು. ಮತ್ತೆ ನಾವೇ ತಿನ್ನಬೇಕಲ್ಲ. ಅಚ್ಚು ಕೂಗ್ತಾನೆ.”

“ಎಲೆ ಅಮ್ಮನದ್ದು ಅಲ್ವಾ?” ಎಂದಳು ಶೀಲಾವತಿ.

ನೀಲಾವತಿ ಅವಳ ಮುಖ ನೋಡಿದಳು. ಮತ್ತೆ ಮೆಣಸನ್ನೆಲ್ಲ ಮರದ ಮರಿಗೆಗೆ ಸುರಿದು, ಉಪ್ಪು ಹಾಕಿ, ಬರಿಗೈಯಲ್ಲಿ ಹಿಸುಕಿದಳು. ಅವಳ ಕೈ ಕೆಂಪಾಯಿತು. ಉರಿಯುತ್ತದೆ ಎಂದು ಅವಳು ಹೇಳಲಿಲ್ಲ. ಶೀಲಾವತಿ ಸ್ವಲ್ಪ ತೆಂಗಿನೆಣ್ಣೆ ತಂದು ಅಕ್ಕನ ಬೆರಳುಗಳಿಗೆ ಹಚ್ಚಿದಳು.

ಒಳಕೋಣೆಯಲ್ಲಿ ಮೂರು ಎಲೆ ಹಾಕಿದರು. ಅಪ್ಪ ದೀಪ ಹಚ್ಚಿ, ಕೈ ಮುಗಿದು, ಬಾಗಿಲು ಮುಚ್ಚಿದರು. ನಾಲ್ವರೂ ಅಂಗಳದಲ್ಲಿ ನಿಂತರು.

“ಅಮ್ಮ ಈಗ ತಿಂತಾ ಇದ್ದಾಳಾ?” ಅಚ್ಚುತ ಪಿಸುಗುಟ್ಟಿದ.

“ಹೌದು,” ಎಂದಳು ನೀಲಾವತಿ.

“ಅವಳಿಗೆ ಖಾರ ಆಗುದಿಲ್ವಾ?”

“ಇಲ್ಲ. ಅವಳಿಗೆ ಅಷ್ಟು ಬೇಕು.”

ಸ್ವಲ್ಪ ಹೊತ್ತು ಕಳೆದು ಅಪ್ಪ ಒಳಗಿನವರಿಗೆ ತಿಳಿಯಲೆಂದು ಕೆಮ್ಮಿ ಬಾಗಿಲು ತೆರೆದರು. ಅಚ್ಚುತ ಎಲ್ಲರಿಗಿಂತ ಮೊದಲು ನುಗ್ಗಿ ಅಮ್ಮನ ಎಲೆ ನೋಡಿದ. ಗೊಜ್ಜು ಇಟ್ಟಲ್ಲಿಯೇ ಇತ್ತು. ಅಪ್ಪ ಅವನನ್ನು ಎತ್ತಿ ಪಕ್ಕದಲ್ಲಿ ಕೂರಿಸಿಕೊಂಡರು.

ನೀಲಾವತಿ ಎಲ್ಲರಿಗೂ ಬಡಿಸಿದಳು. ಅಚ್ಚುತ ಗೊಜ್ಜನ್ನು ನಾಲಗೆಗೆ ಮುಟ್ಟಿಸಿದ್ದೇ ತಡ, ಅಳು ಶುರುವಾಯಿತು. ನೀಲಾವತಿ ಓಡಿಹೋಗಿ ಅವನಿಗೆ ಬೆಲ್ಲ ತಂದುಕೊಟ್ಟಳು. ಶೀಲಾವತಿಯ ಕಣ್ಣಲ್ಲೂ ನೀರು ಬಂತು. ಕಿವಿಯೊಳಗೆ ಬೆಂಕಿ ಇಟ್ಟ ಹಾಗಾಯಿತು. ಆದರೆ ಆ ಉರಿಯ ಹಿಂದೆಯೇ ಒಂದು ಹುಳಿ ಬಂತು. ಹೊಗೆಯ ವಾಸನೆಯ ಹುಳಿ. ಅವಳು ಇನ್ನೊಂದು ಚೂರು ಬಾಯಿಗೆ ಹಾಕಿದಳು.

ಅಪ್ಪ ಗೊಜ್ಜನ್ನು ಅನ್ನಕ್ಕೆ ಕಲಸಿ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಮತ್ತೂ ಸ್ವಲ್ಪ ಹಾಕಿಸಿಕೊಂಡರು. ಅವರ ಕೆನ್ನೆ ಒದ್ದೆಯಾಗಿತ್ತು.

“ಖಾರ,” ಎಂದರು ಅಪ್ಪ, ಯಾರೂ ಕೇಳದೆಯೇ.

“ಹೌದಪ್ಪ,” ಎಂದಳು ಶೀಲಾವತಿ. ಅಪ್ಪ ಅಮ್ಮನಿಗಾಗಿ ಅಳುವುದನ್ನು ಅವಳು ಆವರೆಗೆ ನೋಡಿರಲಿಲ್ಲ.

ನೀಲಾವತಿ ಸೌಟು ಹಿಡಿದು ಇನ್ನೂ ಓಡಾಡುತ್ತಿದ್ದಳು. ಅಪ್ಪನಿಗೆ ಸಾರು, ಅಚ್ಚುವಿಗೆ ನೀರು, ಅಪ್ಪನಿಗೆ ಮತ್ತೆ ಅನ್ನ. ಅವಳಿಗೆ ಎಲೆಯನ್ನೇ ಹಾಕಿರಲಿಲ್ಲ. ಶೀಲಾವತಿ ಅದನ್ನು ಗಮನಿಸಿದ್ದು ಆಗಲೇ. ನಿನ್ನೆಯೂ, ಅದಕ್ಕಿಂತ ಮೊದಲೂ ಅಕ್ಕ ಯಾವಾಗ ಉಂಡಳು ಎಂದು ನೆನಪು ಮಾಡಿಕೊಳ್ಳಲು ನೋಡಿದಳು.

ಅವಳು ಎದ್ದು ಕೈ ತೊಳೆದು ಬಂದಳು. ತನ್ನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ, ಅಕ್ಕನ ಕೈಯಿಂದ ಸೌಟು ತೆಗೆದುಕೊಂಡಳು.

“ನೀನು ಕೂತುಕೋ ಅಕ್ಕ. ನಾನು ಬಡಿಸ್ತೇನೆ.”

“ನಿನಗೆ ಬರುದಿಲ್ಲ, ಚೆಲ್ತಿ.”

“ಚೆಲ್ಲಿದರೆ ಒರೆಸ್ತೇನೆ.”

ನೀಲಾವತಿ ಅಪ್ಪನ ಕಡೆ ನೋಡಿದಳು. ಅಪ್ಪ ತಲೆಯಾಡಿಸಿದರು. ಅವಳು ನಿಧಾನಕ್ಕೆ ಕೂತಳು. ಮಾಡಿದ ಅಡುಗೆಯನ್ನೆಲ್ಲ ಶೀಲಾವತಿ ಒಂದೊಂದಾಗಿ ಬಡಿಸಿದಳು. ಮತ್ತೆ ಅಕ್ಕನ ಕೈ ಮೊದಲು ಯಾವುದಕ್ಕೆ ಹೋಗುತ್ತದೆ ಎಂದು ನೋಡುತ್ತ ಅಲ್ಲಿಯೇ ನಿಂತಳು.