ಪಕ್ಕದ ಸೀಟು

ನಾನು ಹುಟ್ಟುವ ಮೊದಲೇ ಮಧುರೆಯ ಟಾಕೀಸೊಂದರಲ್ಲಿ ಯಾರೋ ಅಭಿಮಾನಿ ಇಡೀ ಸಿನಿಮಾದ ಸದ್ದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ. ಹಳೆ ಹಾಡಿನ ಹುಚ್ಚು ಹಿಡಿದ ನನಗೆ ಅದು ಸಿಕ್ಕಿದ್ದೇ ಹಬ್ಬ. ಮಟಮಟ ಮಧ್ಯಾಹ್ನ ಹಾಕಿಕೊಂಡು ಕೂತೆ. ಶಿಳ್ಳೆಗಳ ನಡುವೆ, ಎಲ್ಲೋ ದೂರದಲ್ಲಿ, ಒಬ್ಬ ಹೆಂಗಸು ಕೇಳಿದಳು: "ಅಣ್ಣಾ, ಪಕ್ಕದ ಸೀಟು ಖಾಲೀನಾ?"

ಹಾಡಿನ ಆಸೆಗೆ ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ಅವಳ ದನಿ ಹತ್ತಿರ ಬಂದಿತ್ತು. ಮೂರನೆಯ ಸಲ ಕಿವಿಯ ಬುಡದಲ್ಲೇ ಕೇಳಿಸಿ, ಎಡಗೆನ್ನೆ ತಣ್ಣಗಾಯಿತು. ಆಗ ಕ್ಯಾಸೆಟ್ಟಿನೊಳಗಿಂದ ನನ್ನದೇ ದನಿ ಹೇಳಿತು: "ಖಾಲಿ ಇದೆ, ಕೂತ್ಕೊಳ್ಳಮ್ಮ."

ಟೇಪು ನಿಲ್ಲಿಸಿದೆ. ಅಷ್ಟರಲ್ಲಿ ಹೆಂಡತಿ ಪೊನ್ನುತ್ತಾಯಿ ಎರಡು ಲೋಟ ಕಾಫಿ ತಂದಳು. ಒಂದನ್ನು ನನ್ನ ಎಡಗಡೆಯ ಖಾಲಿ ಕುರ್ಚಿಯ ಮುಂದಿಟ್ಟು, "ತಗೊಳ್ಳಿ ಅಕ್ಕಾ, ಆರಿಹೋಗುತ್ತೆ" ಅಂದು ಒಳಗೆ ಹೋದಳು.

ನಾನು ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದೆ. ಆ ಕುರ್ಚಿಯ ಮುಂದಿನ ಲೋಟದ ಕಾಫಿ ಅರ್ಧಕ್ಕೆ ಇಳಿಯಿತು.